ಬೆಟ್ಟದ ಮೇಲೆ ಕುದುರೆ ತಿರುಗಿಸಿದ ಬೀಗಿತ್ತಿ

ನನ್ನ ಬೀಗಿತ್ತಿಯ ಬಲ ಅಂಗೈಯಲ್ಲಿ, ಹೆಬ್ಬೆರಳ ಬುಡಕ್ಕೆ, ಬಟಾಣಿ ಕಾಳಿನಷ್ಟು ದೊಡ್ಡ ಗಟ್ಟಿ ಗಂಟೊಂದಿತ್ತು. ಮೊಮ್ಮಗಳು ನಿದ್ದೆ ಹತ್ತುವ ತನಕ ಅದನ್ನು ಬೆರಳಿನಿಂದ ತಿಕ್ಕುತ್ತ ಮಲಗುತ್ತಿದ್ದಳು. ನಲವತ್ತು ವರ್ಷ ರೊಟ್ಟಿ ಬಡಿದ ಕೈ ನನ್ನದು. ಅದನ್ನು ಯಾರೂ ಹಿಡಿದುಕೊಂಡು ಮಲಗಲಿಲ್ಲ.

ಬೀಗಿತ್ತಿ ಎಂದರೆ ನನ್ನ ಸೊಸೆಯ ತಾಯಿ. ಉಡುಪಿ ಕಡೆಯವರು, ನನಗಿಂತ ಎಷ್ಟೋ ಮೊದಲೇ ಲಂಡನ್ನಿಗೆ ಬಂದು ನೆಲೆಸಿದವರು. ನಾನು ಧಾರವಾಡದಿಂದ ಅದೇ ಲಂಡನ್ನಿನ ಸಟನ್ನಿಗೆ, ಮಗನ ಮನೆಗೆ ಬರುವಷ್ಟರಲ್ಲಿ ಮೊಮ್ಮಗಳಿಗೆ ಮೂರು ತುಂಬಿತ್ತು. ಎರಡು ಬೀದಿ ಆಚೆ ಇದ್ದ ಅವರು ಅವಳಿಗೆ ಬರೀ 'ಅಜ್ಜಿ'. ಒಂದೇ ಮನೆಯಲ್ಲಿದ್ದ ನಾನು 'ಧಾರವಾಡ ಅಜ್ಜಿ'. ನನಗೆ ಮಾತ್ರ ಅಂಟಿದ ಆ ಊರಿನ ಹೆಸರಿಗೆ ನಾನು ಎಷ್ಟು ಉರಿದುಕೊಂಡೆನೋ ದೇವರಿಗೇ ಗೊತ್ತು.

ನಮ್ಮ ಮನೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷಕ್ಕೆ ಒಂದು ಬೆಟ್ಟ. ಅವರು ಬೆಟ್ಟ ಎನ್ನುತ್ತಿದ್ದರು, ನನ್ನ ಕಣ್ಣಿಗೆ ಅದು ದಿಬ್ಬ. ಅದರ ನೆತ್ತಿಯ ಮೇಲೆ ಹಿಂದೆ ಮಕ್ಕಳ ಆಟದ ಪಾರ್ಕು ಇತ್ತಂತೆ. ಅಲ್ಲಿ ಮರದ ಕುದುರೆಗಳ ಮೆರಿ-ಗೋ-ರೌಂಡನ್ನು ಬೀಗಿತ್ತಿ ಹತ್ತು ವರ್ಷ ನಡೆಸಿದ್ದರು. ಅಂಗೈಯ ಗಂಟು ಅದರ ಬ್ರೇಕಿನ ಹಿಡಿಕೆ ಕೊಟ್ಟದ್ದು. ಪಾರ್ಕು ಮುಚ್ಚಿ ಇಪ್ಪತ್ತು ವರ್ಷ ಕಳೆದ ಮೇಲೆ ಆಸುಪಾಸಿನವರು ಕಮಿಟಿ ಮಾಡಿ ಮತ್ತೆ ತೆರೆಯಲು ಹೊರಟರು. ಅರವತ್ತೆಂಟು ವರ್ಷದ ಈ ಹೆಂಗಸು ಸೀರೆಯ ಮೇಲೆ ನನ್ನ ಮಗನ ಹಳೆಯ ಕೋಟು ತೊಟ್ಟು, ಕೈಚೀಲದಲ್ಲಿ ಸ್ಕ್ರೂಡ್ರೈವರು, ಅವಲಕ್ಕಿ ಡಬ್ಬಿ ಇಟ್ಟುಕೊಂಡು ಶನಿವಾರ ಶನಿವಾರ ಬಸ್ಸು ಹತ್ತಿದರು. ಜೊತೆಗೆ ನನ್ನ ಮೊಮ್ಮಗಳು. ಸಂಜೆ ಇಬ್ಬರೂ ಕೆನ್ನೆಗೆಲ್ಲ ಬಣ್ಣ ಮೆತ್ತಿಕೊಂಡು ಬರುತ್ತಿದ್ದರು.

ನನ್ನನ್ನೂ ಕರೆದರು. "ಬನ್ನಿ ಮಾರಾಯ್ರೆ, ಕುದುರೆಗೆ ಉಪ್ಪುಕಾಗದ ಉಜ್ಜಲಿಕ್ಕೆ ಜನ ಸಾಲುದಿಲ್ಲ."

"ನನಗ ಮೊಣಕಾಲು ನೋವು ಐತ್ರಿ," ಎಂದೆ. ಮೊಣಕಾಲು ಗಟ್ಟಿಯಾಗಿಯೇ ಇತ್ತು.

ಅವರ ಕೆಲಸದ ರೀತಿಯೇ ಬೇರೆ. "ಕುದುರೆ ತಿರುಗುವಾಗ ನಾನು ಮಕ್ಕಳನ್ನು ನೋಡುದಕ್ಕಿಂತ ಹೆಚ್ಚು ಬೇಲಿಯ ಹೊರಗೆ ನಿಂತವರನ್ನು ನೋಡುದು," ಎನ್ನುತ್ತಿದ್ದರು. ಮಗು ಪ್ರತಿ ಸುತ್ತಿಗೂ ತನ್ನವರ ಮುಖ ಹುಡುಕುತ್ತದೆ, ಕಾಣದಿದ್ದರೆ ಇಳಿಯಲು ಹೊರಡುತ್ತದೆ. ಅದಕ್ಕೇ ಬೇಲಿಯಾಚೆ ನೆಲಕ್ಕೆ ಹಳದಿ ಗುರುತು ಹಾಕಿ, ಕರೆತಂದವರನ್ನು ಅಲ್ಲಿ ನಿಲ್ಲಿಸುತ್ತಿದ್ದರಂತೆ.

ತೆರೆಯುವ ದಿನ ನಾನು ಇಳಕಲ್ ಸೀರೆ ಉಟ್ಟು ಹೋದೆ. ಆರು ವರ್ಷದ ಮೊಮ್ಮಗಳು ಬಿಳಿ ಕುದುರೆ ಹತ್ತಿದಳು. ಪಕ್ಕದ ಕುದುರೆ ನನ್ನದೆಂದುಕೊಂಡು ಸೆರಗು ಸಿಕ್ಕಿಸಿದ್ದೆ. ಬೀಗಿತ್ತಿ ತೋಳು ಹಿಡಿದು ನನ್ನನ್ನು ಹೊರಗೆ ತಂದು ಹಳದಿ ಗುರುತಿನ ಮೇಲೆ ನಿಲ್ಲಿಸಿದರು.

"ಯಾಕ್ರಿ, ನಾ ಕುಂತ್ರ ಕುದುರಿ ಮುರೀತದೇನು?"

"ನೀವೂ ಕೂತರೆ ಅವಳು ಯಾರನ್ನು ನೋಡುದು? ಇಲ್ಲಿಂದ ಅಲುಗಾಡಬೇಡಿ."

ಬಾಯಿಗೆ ಬಂದ ನೆಪ ಎಂದುಕೊಂಡೆ. ಕುದುರೆಗಳು ತಿರುಗಿದವು. ಜನ ಬೀಗಿತ್ತಿಯ ಫೋಟೋ ತೆಗೆದರು, ಚಪ್ಪಾಳೆ ತಟ್ಟಿದರು. ನಾಲ್ಕು ಸುತ್ತು ತಾಳಿದೆ. ಅವಳಿಗೆ ಬೇಕಾದ ಅಜ್ಜಿ ಒಳಗೇ ಇದ್ದಾರಲ್ಲ ಎಂದು ಸಿಡುಕಿ ಚಹಾ ಗಾಡಿಯ ಹಿಂದೆ ಹೋಗಿ ನಿಂತೆ.

ಕರ್ ಎಂದು ಸದ್ದಾಯಿತು. ಇಣುಕಿದರೆ ಮೊಮ್ಮಗಳು ಒಂದು ಕಾಲು ಕುದುರೆಯಿಂದ ಇಳಿಬಿಟ್ಟು "ಧಾರವಾಡ ಅಜ್ಜಿ" ಎಂದು ಅಳುತ್ತಿದ್ದಳು. ಬೀಗಿತ್ತಿ ಮೈಯ ಭಾರವನ್ನೆಲ್ಲ ಬ್ರೇಕಿನ ಮೇಲೆ ಬಿಟ್ಟಿದ್ದರು. ಗಕ್ಕನೆ ನಿಂತ ರಭಸಕ್ಕೆ ಒಬ್ಬ ಹುಡುಗನ ಹಣೆ ಕಂಬಕ್ಕೆ ಬಡಿದು ಉಬ್ಬಿತು. ಮೊಮ್ಮಗಳು ಅವರನ್ನು ದಾಟಿ ಓಡಿ ಬಂದು ನನ್ನ ಸೊಂಟ ತಬ್ಬಿದಳು. ಹೇಳಲು ನಾಚಿಕೆ, ನನಗೆ ಮೊದಲು ಆದದ್ದು ಭಯವಲ್ಲ, ಸಂತೋಷ.

ಹಾಗೇಕೆ ನಿಲ್ಲಿಸಿದಿರೆಂದು ಕಮಿಟಿಯವರು ಕೇಳಿದರು. ಬೀಗಿತ್ತಿ ನನ್ನನ್ನು ಒಮ್ಮೆ ನೋಡಿ, ತಮ್ಮ ಕೈ ತಪ್ಪಿತು ಎಂದರು. ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತದೆ. ನಿಮಗೆ ವಯಸ್ಸಾಯಿತು, ಇನ್ನು ಟಿಕೆಟ್ ಕೊಡಿ ಎಂದು ಹೇಳಿ ಕಮಿಟಿಯವರು ಬ್ರೇಕನ್ನು ಬೇರೊಬ್ಬರಿಗೆ ವಹಿಸಿದರು.

ಮರಳುವಾಗ ಬಸ್ಸಿನಲ್ಲಿ ಕೇಳಿದೆ. "ನನ್ನ ಹೆಸರು ಯಾಕ ಹೇಳಲಿಲ್ರಿ?"

"ಮಗಳನ್ನು ಕೊಟ್ಟ ಮನೆ. ಅಳಿಯನ ತಾಯಿಯನ್ನು ನಾಲ್ಕು ಜನರ ಎದುರು ಸಣ್ಣ ಮಾಡ್ಲಿಕ್ಕೆ ಆಗ್ತದಾ?" ಎಂದು ಕಿಟಕಿಯ ಕಡೆ ತಿರುಗಿದರು.

ಮುಂದಿನ ಶನಿವಾರ ಅವರು ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದರು. ಅತ್ತ ಬ್ರೇಕು ಕಿರುಗುಟ್ಟಿದಾಗಲೆಲ್ಲ ಇತ್ತ ಅವರ ಕೈ ಮೇಜಿನಂಚು ಹಿಡಿಯುತ್ತಿತ್ತು. ನೋಡಲಾಗಲಿಲ್ಲ. ನಾಲ್ಕನೇ ಇಯತ್ತೆ ಓದಿದವಳು ನಾನು; ಕಮಿಟಿಯವರ ಮುಂದೆ ಮೊಮ್ಮಗಳನ್ನೇ ನಿಲ್ಲಿಸಿಕೊಂಡೆ.

"ಹೇಳವ್ವ ಅವರಿಗೆ. ತಪ್ಪು ನಂದು. ಹೊಟ್ಟಿಕಿಚ್ಚಿಗೆ ಜಾಗಾ ಬಿಟ್ಟು ಹೋದೆ."

ಹೊಟ್ಟೆಕಿಚ್ಚು ಎಂದರೇನೆಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

"ನಿನ್ನ ಗೆಳತಿ ಹೊಸಾ ಸೈಕಲ್ ತಂದಾಗ ನಿನಗಾತಲ್ಲ, ಅದು."

ಅವಳು ಗಂಭೀರವಾಗಿ ಎಲ್ಲವನ್ನೂ, ಸೈಕಲ್ಲನ್ನೂ ಸೇರಿಸಿ, ಹೇಳಿದಳು. ಕಮಿಟಿಯ ಮುದುಕರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಬ್ರೇಕು ಬೀಗಿತ್ತಿಯ ಕೈಗೆ ಮರಳಿತು.

"ಎಂತ ಮಾಡಿಕೊಂಡ್ರಿ ನೀವು, ನಾನು ಕಷ್ಟಪಟ್ಟು ಉಳಿಸಿದ ಮಾನ," ಎಂದು ಬೈದರು. ಮುಖ ಮಾತ್ರ ಅರಳಿತ್ತು.

ನಾಲ್ಕು ಬೇಸಿಗೆ ಅವರು ಕುದುರೆ ತಿರುಗಿಸಿದರು, ನಾನು ಅಲುಗಾಡದೆ ನಿಂತೆ. ಐದನೆಯದು ಬರುವ ಮೊದಲೇ, ಚಳಿಗಾಲದಲ್ಲಿ, ಎದೆನೋವು ಬಂದು ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ.

ಈ ವರ್ಷ ಮೊಮ್ಮಗಳು, ಜಾಣ ಮಕ್ಕಳನ್ನಷ್ಟೇ ಆರಿಸಿಕೊಳ್ಳುವ ಗ್ರಾಮರ್ ಶಾಲೆಯ ಪರೀಕ್ಷೆ ಪಾಸಾದಳು. ಅಪ್ಪ ಅಮ್ಮನಿಗೂ ಹೇಳದೆ ಮೊದಲು ಅಡುಗೆಮನೆಗೆ ಓಡಿ ಬಂದು ನನ್ನ ಕೊರಳಿಗೆ ಬಿದ್ದಳು. ಹಿಗ್ಗಿಗೆ ನನಗೆ ಕೂಡಲಾಗಲಿಲ್ಲ, ನಿಲ್ಲಲಾಗಲಿಲ್ಲ. ಮೊದಲು ನನಗೇ ಹೇಳಿದಳು ನೋಡ್ರಿ ಎಂದು ಬೀಗಿತ್ತಿಯ ಹೊಟ್ಟೆ ಉರಿಸಬೇಕೆನಿಸಿ ಫೋನು ಕೈಗೆತ್ತಿಕೊಂಡೆ. ಅರ್ಧ ನಂಬರು ಒತ್ತಿದ ಮೇಲೆ ನೆನಪಾಯಿತು.