ಎಟಿಎಂಗೆ ಬೆನ್ನು ಹಾಕಿ ನಿಂತವರು

ಗೆಳೆಯರೇ, ಇವತ್ತು ಬೆಳಿಗ್ಗೆ ಬ್ಯಾಡಗಿಯ ಎಟಿಎಂ ಒಂದರಲ್ಲಿ ನಾನು ಐದು ನಿಮಿಷ ಸುಮ್ಮನೆ ಗೋಡೆ ನೋಡುತ್ತ ನಿಂತಿದ್ದೆ.

ನಮ್ಮ ಓಣಿಯ ರೇಣುಕಾಗೆ ಕಣ್ಣು ಕಾಣುವುದಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಅವಳದು. ಮೊನ್ನೆಯಷ್ಟೇ ಎಟಿಎಂ ಕಾರ್ಡ್ ಕೈಗೆ ಬಂದಿದೆ. ಮೊದಲ ಸಲ ಹಣ ತೆಗೆಯಲು ನನ್ನನ್ನು ಜೊತೆಗೆ ಕರೆದಿದ್ದಳು. ಅದು ಮಾತಾಡುವ ಯಂತ್ರ. ಇಯರ್‌ಫೋನ್ ಸಿಕ್ಕಿಸಿದರೆ ಮುಂದೇನು ಒತ್ತಬೇಕೆಂದು ಕಿವಿಯಲ್ಲಿ ಹೇಳುತ್ತದೆ. ಇಯರ್‌ಫೋನ್ ಎಲ್ಲಿ ಸಿಕ್ಕಿಸಬೇಕೆಂದು ತೋರಿಸಿದೆ, ಐದರ ಗುಂಡಿಯ ಮೇಲಿನ ಉಬ್ಬು ಚುಕ್ಕೆಯನ್ನು ಮುಟ್ಟಿಸಿದೆ. ಯಂತ್ರ ಪಿನ್ ಕೇಳಿದ್ದೇ ತಡ, "ಅಕ್ಕಾ, ಆ ಕಡೆ ತಿರುಗು" ಎಂದಳು. ತಿರುಗಿದೆ.

ಬಾಗಿಲಲ್ಲಿ ಕಾಯುತ್ತಿದ್ದ ರುಮಾಲಿನ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. "ಅಕ್ಕಾರ, ನೀವ ಒತ್ತಿ ತಗದು ಕೊಡ್ರಲಾ, ಅಕಿಗೆ ಕಾಣಂಗಿಲ್ಲ" ಎಂದರು ನನಗೆ.

ಉತ್ತರ ಕೊಟ್ಟವಳು ರೇಣುಕಾ. "ನನಗ ಕಾಣಂಗಿಲ್ಲ ಖರೇ, ನಿಮಗ ಕಾಣತೈತಲ್ರಿ ಯಜಮಾನ್ರ! ನೀವೂ ಆ ಕಡೆ ತಿರುಗ್ರಿ!"

ಹಿರಿಯರು ನಗುತ್ತ ತಿರುಗಿದರು. ಅವರ ಹಿಂದಿದ್ದ ಇಬ್ಬರೂ ತಿರುಗಿದರು. ಯಂತ್ರ ಗರಗರ ಸದ್ದು ಮಾಡಿ ನೋಟು ಕೊಟ್ಟಿತು. ರೇಣುಕಾ ಒಂದೊಂದನ್ನೂ ಬೆರಳಿನಿಂದ ಅಳೆದು ನೋಡಿ ಪರ್ಸಿಗೆ ಹಾಕಿಕೊಂಡಳು.

ಹೊರಗೆ ಬಂದಾಗ ಸಹಜವಾಗಿ ಕೇಳಿದೆ, "ಈ ರೊಕ್ಕದಾಗ ಏನ್ ತಗೋತೀ?"

"ಬ್ಯಾಂಕಿನಿಂದ ನನ್ನ ರೊಕ್ಕ ತಂದು ಕೊಡೋ ಮುಂದ ನಮ್ಮಣ್ಣ ಸಲಕ್ಕೊಮ್ಮೆ ಇದನ್ನ ಕೇಳತಿದ್ದ. ಈಗ ನೀನೂ ಚಾಲೂ ಮಾಡಿದೇನಕ್ಕಾ?" ಎಂದು ನಕ್ಕಳು.

ಆಮೇಲೆ ಬಿಸಿಬಿಸಿ ಮಿರ್ಚಿ ಬಜ್ಜಿ ಕೊಡಿಸಿದಳು. ಬಾಯಿ ತುಂಬ ಮಿರ್ಚಿ ಇದ್ದುದರಿಂದ ನಾನು ಮತ್ತೆ ಏನನ್ನೂ ಕೇಳಲಿಲ್ಲ.