ಟಿ.ವಿ. ರಾಜಣ್ಣನ ಮಂಗಳಾರತಿ

ಕುಂಬಾರಕೊಪ್ಪಲಿನಲ್ಲಿ ಹೊಸ ಟಿ.ವಿ. ಕೊಳ್ಳಬೇಕೆನ್ನುವವರು ಅಂಗಡಿಗೆ ಹೋಗುವ ಮೊದಲು ಇರುದಯರಾಜ್ ಅವರನ್ನು ಒಂದು ಮಾತು ಕೇಳುತ್ತಿದ್ದರು. ಅಷ್ಟುದ್ದದ ಹೆಸರು ಯಾರ ಬಾಯಿಗೂ ಸುಲಭವಾಗಿ ಹೊರಳುತ್ತಿರಲಿಲ್ಲವಾದ್ದರಿಂದ ಅವರು ಎಲ್ಲರಿಗೂ ರಾಜಣ್ಣ. ಹಳೆಯ ಟಿ.ವಿ.ಯ ಬೆನ್ನು ಬಿಚ್ಚಿ, ಒಳಗಿನ ಧೂಳನ್ನು ಬ್ರಷ್‌ನಿಂದ ಗುಡಿಸಿ, ಅಲ್ಲಲ್ಲಿ ಮುಟ್ಟಿ ನೋಡಿ ಅವರು ಎರಡರಲ್ಲೊಂದು ಮಾತು ಹೇಳುತ್ತಿದ್ದರು. "ಇನ್ನೂ ನಡೀತದೆ" ಎಂದರೆ ಮನೆಯವರು ಹೊಸದರ ಯೋಚನೆ ಬಿಡುತ್ತಿದ್ದರು. "ಇದರ ಕತೆ ಮುಗೀತು" ಎಂದರೆ ಅಂದೇ ಸಂಜೆ ಅಂಗಡಿಗೆ ಹೊರಡುತ್ತಿದ್ದರು. ನಾನು ಆ ಬಡಾವಣೆಯಲ್ಲಿದ್ದ ಎಂಟು ವರ್ಷಗಳಲ್ಲಿ ಅವರ ಮಾತು ತಪ್ಪಿದ್ದು ಒಂದೇ ಸಲ. ಅವರ ಬಗ್ಗೆ ಬರೆಯಬೇಕು ಎಂದು ನನಗೆ ಅನ್ನಿಸಿದ್ದು ಆ ತಪ್ಪಿನಿಂದಲೇ.

ನಾನು ಹುಣಸೂರು ಕಡೆಯ ಹಳ್ಳಿಯವನು. ನಮ್ಮೂರಿನಲ್ಲಿ ಟಿ.ವಿ. ಕೆಟ್ಟರೆ ಅದರ ನೆತ್ತಿಯ ಮೇಲೆ ಒಂದು ಏಟು ಹಾಕುವುದೇ ರಿಪೇರಿ. ೧೯೯೯ರಲ್ಲಿ ಎಂ.ಎ. ಮುಗಿಸಿ ಮೈಸೂರಿನ ಒಂದು ಖಾಸಗಿ ಕಾಲೇಜಿಗೆ ಮೇಷ್ಟ್ರಾಗಿ ಸೇರಿದಾಗ ಕುಂಬಾರಕೊಪ್ಪಲಿನ ವೃಷಭೇಂದ್ರಪ್ಪನವರ ಮಹಡಿಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಅವರದು ಸಂತೇಪೇಟೆಯಲ್ಲಿ ಅಕ್ಕಿ ಅಂಗಡಿ. ಅದೇ ಬೀದಿಯ ತುದಿಯಲ್ಲಿ, ಒಂದು ಮನೆಯ ಮೆಟ್ಟಿಲ ಕೆಳಗಿನ ಇಕ್ಕಟ್ಟು ಜಾಗದಲ್ಲಿ ರಾಜಣ್ಣನವರ ಅಂಗಡಿ ಇತ್ತು.

ಆಗ ಅವರಿಗೆ ಐವತ್ತರ ಆಸುಪಾಸು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಅಶೋಕ ರಸ್ತೆಯ ರೇಡಿಯೊ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ಕೆಲಸ ಕಲಿತವರು. ರಿಪೇರಿ ಮಾಡಿದ ಮೇಲೆ, ತೆಗೆದುಹಾಕಿದ ಸುಟ್ಟ ಬಿಡಿಭಾಗಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಮನೆಯವರ ಕೈಗೇ ಕೊಡುತ್ತಿದ್ದರು. ಅದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಯಾರಾದರೂ ಕೇಳಿದರೆ, "ಬಿಸಾಕಿ, ಆದ್ರೆ ನೋಡಿ ಬಿಸಾಕಿ" ಎನ್ನುತ್ತಿದ್ದರು. ಭಾನುವಾರ ಸಂತ ಫಿಲೋಮಿನಾ ಚರ್ಚಿನ ಪೂಜೆಗೆ ಹೋಗಿಬಂದರೆ ಆ ದಿನ ಉಪಕರಣ ಮುಟ್ಟುತ್ತಿರಲಿಲ್ಲ.

ಅವರ ಉಪಕರಣಗಳಲ್ಲಿ ಒಂದು ಬಳೆ ಇತ್ತು. ತಾಮ್ರದ ತಂತಿಯನ್ನು ಊಟದ ತಟ್ಟೆಯ ಅಗಲಕ್ಕೆ ಸುತ್ತಿ, ಮೇಲೆ ಬಟ್ಟೆಯ ಪಟ್ಟಿ ಬಿಗಿದು ಅವರೇ ಮಾಡಿಕೊಂಡಿದ್ದು. ಟಿ.ವಿ.ಯ ಪರದೆಯ ಮೇಲೆ ಬಣ್ಣ ಕಲೆಗಟ್ಟಿದರೆ ಆ ಬಳೆಗೆ ಕರೆಂಟು ಕೊಟ್ಟು, ಪರದೆಯ ಮುಂದೆ ನಿಧಾನವಾಗಿ ಸುತ್ತ ಆಡಿಸುತ್ತ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಕಲೆ ಮಾಯವಾಗುತ್ತಿತ್ತು. ನೋಡಿದವರಿಗೆ ಅದು ಆರತಿ ಎತ್ತಿದ ಹಾಗೇ ಕಾಣುತ್ತಿದ್ದುದರಿಂದ ಬೀದಿಯವರು ಅದನ್ನು ರಾಜಣ್ಣನ ಮಂಗಳಾರತಿ ಎಂದು ಕರೆದರು. ಈ ಮಾತಿಗೆ ಬೈಗುಳ ಎಂಬ ಅರ್ಥವೂ ಇದೆಯಲ್ಲ, ಅದರಲ್ಲೂ ಅವರದು ಎತ್ತಿದ ಕೈ. ಟಿ.ವಿ. ಮೇಲೆ ಹೂದಾನಿ ಕಂಡರೆ, "ನೀರು ಒಳಗೆ ಬಿದ್ರೆ ಏನು, ಟಿ.ವಿ. ಚಿಗುರ್ತದಾ?" ಎನ್ನುತ್ತಿದ್ದರು. ಗಾಳಿ ಹೋಗುವ ಕಿಂಡಿಗೆ ಕಸೂತಿ ಬಟ್ಟೆ ಮುಚ್ಚಿದ್ದರೆ, "ನಿಮ್ ಮೂಗಿಗೆ ಹಿಂಗೇ ಕಟ್ಲಾ ಒಂದ್ಸಲ?" ಹೀಗಾಗಿ ರಾಜಣ್ಣ ಬರುತ್ತಾರೆ ಎಂದರೆ ಪ್ರತಿ ಮನೆಯಲ್ಲೂ ಟಿ.ವಿ. ಮೇಲಿನ ಗೊಂಬೆ, ಬಟ್ಟೆ, ಹೂದಾನಿ ಎಲ್ಲವನ್ನೂ ಗಡಿಬಿಡಿಯಲ್ಲಿ ಎತ್ತಿ ಒಳಗಿಡುತ್ತಿದ್ದರು. ಅವರು ಹೋದ ಮೇಲೆ ಎಲ್ಲವೂ ಮರಳಿ ಮೇಲೇರುತ್ತಿತ್ತು.

೨೦೦೩ರ ದಸರೆಗೆ ಇನ್ನೂ ಒಂದು ತಿಂಗಳಿತ್ತು. ವೃಷಭೇಂದ್ರಪ್ಪನವರ ತಾಯಿ ಪುಟ್ಟಲಿಂಗಮ್ಮನವರು ಬೆಳಗಿನ ಹೊತ್ತು ಕೇಬಲ್ಲಿನಲ್ಲಿ ಬರುತ್ತಿದ್ದ ಮಠದ ಸ್ವಾಮಿಗಳ ಪ್ರವಚನವನ್ನು ತಪ್ಪದೆ ನೋಡುತ್ತಿದ್ದರು. ಒಂದು ದಿನ ಅವರ ಕೂಗು ಮಹಡಿಯವರೆಗೂ ಕೇಳಿಸಿತು.

"ಮಗಾ, ಬುದ್ಧಿಯೋರ ಮುಖ ಹಸ್ರಾಗದಲ್ಲೋ! ಮೈಗುಷಾರಿಲ್ವೋ ಏನೋ. ಮಠಕ್ಕೊಂದು ಫೋನ್ ಮಾಡ್ನೋಡು."

"ಅತ್ತೆ, ವಾರ್ತೆ ಓದೋಳ ಮುಖಾನೂ ಹಸ್ರೇ" ಎಂದರು ಸೊಸೆ ಪ್ರೇಮಲೀಲಾ. "ಊರೋರಿಗೆಲ್ಲಾ ಒಟ್ಟಿಗೇ ಉಷಾರಿಲ್ವಾ?"

ನಾನು ಕೆಳಗೆ ಬಂದು ನೋಡಿದೆ. ಪರದೆಯ ಮೇಲ್ತುದಿಯಿಂದ ಅಂಗೈಯಗಲದ ಹಸಿರು ಇಳಿದಿತ್ತು. ಅದು ಹನ್ನೊಂದು ವರ್ಷದ ಹಳೆಯ ಸೆಟ್ಟು. ಅಂದಿನಿಂದಲೇ ಗಂಡಹೆಂಡಿರ ನಡುವೆ ವಾದ ಶುರುವಾಯಿತು. ದಸರೆಗೆ ನಂಜನಗೂಡಿನ ನೆಂಟರೆಲ್ಲ ಬರುತ್ತಾರೆ, ಅಷ್ಟರಲ್ಲಿ ಹೊಸದು ಬರಲಿ ಎಂಬುದು ಪ್ರೇಮಲೀಲಾ ಅವರ ಆಸೆ.

"ಇನ್ನು ಸ್ವಲ್ಪ ವರ್ಷಕ್ಕೆ ಗೋಡೆಗೆ ಫೋಟೋ ಥರ ನೇತಾಕೋ ಟಿ.ವಿ. ಬರ್ತದಂತೆ. ಈಗ ಇನ್ನೊಂದು ಡಬ್ಬ ತಂದು ಎಲ್ಲಿಡ್ಲಿ? ಕಾಯೋಣ" ಎಂದರು ವೃಷಭೇಂದ್ರಪ್ಪ.

"ಕಾಯೋದ್ರಲ್ಲಿ ನಿಮ್ಮನ್ನ ಮೀರ್ಸೋರಿಲ್ಲ ಬಿಡಿ. ಮದ್ವೆಗೂ ಮುಂದಿನ್ವರ್ಷ, ಮುಂದಿನ್ವರ್ಷ ಅಂತ ನಮ್ಮಪ್ಪನ್ನ ಮೂರು ವರ್ಷ ಅಲೆಸಿದ್ರಿ."

"ಆಮೇಲೆ ಬಂದ್ನಲ್ಲ!"

ಕೊನೆಗೆ, ರಾಜಣ್ಣ ಹೇಳಿದಂತೆ ಆಗಲಿ ಎಂದು ಇಬ್ಬರೂ ಒಪ್ಪಿದರು. ರಾಜಣ್ಣ ಬಂದರು, ಬಳೆ ಆಡಿಸಿದರು, ಹಸಿರು ಹೋಯಿತು. "ಇನ್ನೂ ನಡೀತದೆ" ಎಂದರು. ಮರುದಿನದ ಪ್ರವಚನದ ಹೊತ್ತಿಗೆ ಹಸಿರು ಮರಳಿತು. ಮತ್ತೆ ಬಂದರು, ಹೋಯಿತು. ಅವರು ಬೆನ್ನು ಹಾಕಿದ ಮೇಲೆ ಮತ್ತೆ ಬಂತು. ಮೂರನೆಯ ಸಲ ಬೆನ್ನು ಬಿಚ್ಚಿ ಎರಡು ಗಂಟೆ ಕೂತರು. ಕಾಫಿ ಆರಿಹೋಯಿತು. ಕೊನೆಗೆ ಕೈ ಒರೆಸಿಕೊಳ್ಳುತ್ತ, "ಯಜಮಾನ್ರೇ, ಪಿಕ್ಚರ್ ಟ್ಯೂಬಿಂದೇ ದೋಷ ಇರ್ಬೇಕು. ಇದರ ಕತೆ ಮುಗೀತು. ತಗೊಂಡ್ಬುಡಿ ಹೊಸದು" ಎಂದರು.

ಪ್ರೇಮಲೀಲಾ ಅವರ ಮುಖ ಅರಳಿತು. ಭಾನುವಾರ ಹತ್ತು ಗಂಟೆಗೆ ಅಂಗಡಿಗೆ ಹೋಗುವುದೆಂದು ನಿಶ್ಚಯವಾಯಿತು. ಹಳೆಯದನ್ನು ಅಂಗಡಿಯವರೇ ಒಯ್ಯುತ್ತಾರಂತೆ. ಗ್ಯಾರಂಟಿ ಕಾಗದ ಇಂಗ್ಲಿಷಿನಲ್ಲಿರುತ್ತದೆ, ಓದಿ ಹೇಳಿ ಎಂದು ನನ್ನನ್ನೂ ಕರೆದರು.

ಶನಿವಾರ ನಡೆದದ್ದನ್ನು ನನಗೆ ಹೇಳಿದವರು ಸ್ಟೀವನ್. ರಾಜಣ್ಣನವರ ಹೆಂಡತಿ ಪೌಲಿನ್ ಅವರ ತಮ್ಮ, ಆಟೋ ಓಡಿಸುತ್ತಾರೆ. ಅಂದು ಸಂಜೆ ಅಂಗಡಿಯ ಮುಂದೆ ಆಟೋ ತೊಳೆಯಲು ನಿಲ್ಲಿಸಿ, ಒಳಗಿದ್ದ ಆರೋಗ್ಯ ಮಾತೆಯ ಪುಟ್ಟ ವಿಗ್ರಹ ನೆನೆಯಬಾರದೆಂದು ಕಿತ್ತು ತಂದರು. ಗಾಡಿಗಳಲ್ಲಿ ಇಡುವ ಇಂಥ ವಿಗ್ರಹ ಅಲುಗಾಡದಿರಲಿ ಎಂದು ಅದರ ಬುಡಕ್ಕೆ ಅಯಸ್ಕಾಂತ ಕೂರಿಸಿರುತ್ತಾರೆ.

"ಭಾವ, ಮಾತೆ ಇಲ್ಲಿರ್ಲಿ" ಎನ್ನುತ್ತ ಸ್ಟೀವನ್ ಅದನ್ನು, ಓಡುತ್ತಿದ್ದ ಒಂದು ಟಿ.ವಿ.ಯ ಮೇಲಿಟ್ಟರು.

"ತೆಗಿಯೋ ಅದನ್ನ! ಅಯಸ್ಕಾಂತ ಅದೆ ಅದರಲ್ಲಿ, ಬುದ್ಧಿ ಇಲ್ವಾ?" ಎಂದು ಗದರಿದ ರಾಜಣ್ಣ ಹಾಗೆಯೇ ನಿಂತುಬಿಟ್ಟರು. ಪರದೆಯ ಮೇಲ್ತುದಿಯಿಂದ ಹಸಿರು ಇಳಿಯುತ್ತಿತ್ತು.

ಆಗ ಅವರಿಗೆ ನೆನಪಾದದ್ದು ವೃಷಭೇಂದ್ರಪ್ಪನವರ ಟಿ.ವಿ.ಯ ನೆತ್ತಿ. ಅಲ್ಲಿ ಧೂಳಿನ ನಡುವೆ ಬಿಲ್ಲೆಯಷ್ಟಗಲ ದುಂಡನೆಯ ಶುಭ್ರ ಗುರುತೊಂದಿತ್ತು. ಮೂರು ಸಲವೂ ಅದನ್ನು ಕಂಡಿದ್ದರು, ಒಂದು ಸಲವೂ ಏನೆಂದು ಕೇಳಿರಲಿಲ್ಲ.

ಮನೆಗೆ ಹೋಗಿ ಹೇಳಿದಾಗ ಪೌಲಿನ್ ಬೇಡವೆಂದರು. "ಅವರಿಗೆ ಹೊಸದು ಬೇಕು, ತಗೋತಾವ್ರೆ. ಪ್ರೇಮಲೀಲಮ್ಮ ಖುಷಿಯಾಗವ್ರೆ. ನೀವ್ಯಾಕ್ರೀ ಹೋಗಿ ಹೇಳ್ಬೇಕು? ನಾಳೆಯಿಂದ ರಾಜಣ್ಣನ ಮಾತು ಸುಳ್ಳಾಯ್ತು ಅಂತ ಊರೆಲ್ಲಾ ಅನ್ನಲ್ವಾ? ಆಮೇಲೆ ಯಾರು ಕರೀತಾರೆ ನಿಮ್ಮನ್ನ?"

ಅದು ಸುಮ್ಮನೆ ಹೇಳಿದ ಮಾತಾಗಿರಲಿಲ್ಲ. ಆ ವೇಳೆಗೆ ಕಂಪನಿಗಳ ಮೆಕ್ಯಾನಿಕ್‌ಗಳು ಒಂದೇ ಬಣ್ಣದ ಅಂಗಿ ತೊಟ್ಟು ಬೈಕಿನಲ್ಲಿ ಬರತೊಡಗಿದ್ದರು. ಬೋರ್ಡೂ ಇಲ್ಲದ ರಾಜಣ್ಣನವರ ಹತ್ತಿರ ಇದ್ದದ್ದು ಮಾತೊಂದೇ. ಆದರೂ ಅವರು ಅಂದೇ ರಾತ್ರಿ ಬಳೆಯನ್ನು ಹುಡುಕಿ ತಂದು ಬಾಗಿಲ ಮೊಳೆಗೆ ನೇತುಹಾಕಿದರಂತೆ.

ಭಾನುವಾರ ನಾವು ಗೇಟಿನ ಬಳಿ ಚಪ್ಪಲಿ ಮೆಟ್ಟುತ್ತಿದ್ದಾಗ ಸ್ಟೀವನ್ ಅವರ ಆಟೋ ಬಂದು ನಿಂತಿತು. ಚರ್ಚಿಗೆ ಹಾಕಿದ ಇಸ್ತ್ರಿಯ ಬಿಳಿ ಅಂಗಿಯಲ್ಲೇ ರಾಜಣ್ಣ ಇಳಿದರು. ಹೆಗಲಿಗೆ ಆ ಬಳೆ. ಭಾನುವಾರ ಅವರ ಮೈಮೇಲೆ ನಾನು ಉಪಕರಣ ಕಂಡದ್ದು ಅದೇ ಮೊದಲು.

"ಯಜಮಾನ್ರೇ, ಐದು ನಿಮಿಷ ತಡೀರಿ."

ಅಂದು ಅವರು ಬರುವುದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಟಿ.ವಿ.ಯ ಮೇಲೆ ಎಲ್ಲವೂ ಇದ್ದಂತೆಯೇ ಇತ್ತು. ನಡುವೆ ಹೆಬ್ಬೆರಳಿನಷ್ಟು ಎತ್ತರದ, ಕಾರಿನಲ್ಲಿ ಇಡುವಂಥ ಒಂದು ಬಸವಣ್ಣ. ಪ್ರೇಮಲೀಲಾ ಅವರ ಮಗ ಮಹಾಂತೇಶ್ ಹಿಂದಿನ ತಿಂಗಳಷ್ಟೇ ನಂಜನಗೂಡಿನಿಂದ ತಂದದ್ದು. ಕೆಳಗೆ ಸ್ವಾಮಿಗಳು, ಮೇಲೆ ಬಸವಣ್ಣ, ಇಬ್ಬರಿಗೂ ಒಟ್ಟಿಗೇ ಕೈಮುಗಿಯಬಹುದು ಎಂದು ಪುಟ್ಟಲಿಂಗಮ್ಮನವರು ಅದನ್ನು ಅಲ್ಲಿ ಕೂರಿಸಿದ್ದರು. ರಾಜಣ್ಣನವರನ್ನು ಕಂಡದ್ದೇ ಅವರು ಅಭ್ಯಾಸದಂತೆ ಅದನ್ನು ಎತ್ತಿಕೊಳ್ಳಲು ಧಾವಿಸಿದರು.

"ಇರ್ಲಿ ಅವ್ವಾ, ತೆಗೀಬೇಡಿ" ಎಂದ ರಾಜಣ್ಣ ಟಿ.ವಿ. ಹಾಕಿದರು. ಹಸಿರು ಇತ್ತು. "ಈಗ ತೆಗೀರಿ, ನಿಮ್ಮ ಕೈಯಾರೆ."

ಅವರು ತೆಗೆದರು. ರಾಜಣ್ಣ ಬಳೆ ಆಡಿಸಿದರು. ಪರದೆ ತೊಳೆದಂತಾಯಿತು. "ಈಗ ಮತ್ತೆ ಇಡಿ ಅವ್ವಾ." ಬಸವಣ್ಣ ಕೂತ ಕ್ಷಣವೇ ಹಸಿರು ಇಳಿಯಿತು. ಎಲ್ಲರಿಗೂ ಅರ್ಥವಾಯಿತು.

ಪ್ರೇಮಲೀಲಾ ತಿರುಗಿ ನಿಂತರು. "ಅತ್ತೆ, ಅಲ್ಲಿಡ್ಬೇಡಿ ಅಂತ ನಾನು ಎಷ್ಟು..."

"ಅಮ್ಮಾ, ಅವ್ವಂಗೆ ಏನೂ ಅನ್ಬೇಡಿ" ಎಂದು ರಾಜಣ್ಣ ತಡೆದರು. "ಕೇಳ್ಬೇಕಾದೋನು ನಾನು. ನಾನು ಬರ್ತೀನಿ ಅಂದ್ರೆ ಎಲ್ಲಾ ಎತ್ತಿಡ್ತೀರಿ, ಯಾಕೆ? ಬಯ್ತೀನಿ ಅಂತ. ಬಯ್ದು ಬಯ್ದು ಕಾಯ್ಲೆಯ ಗುರುತನ್ನೇ ಮುಚ್ಚಿಡೋ ಹಂಗೆ ಮಾಡ್ಬುಟ್ಟೆ. ಟ್ಯೂಬಿಂದೇ ದೋಷ ಅಂತ ನಾನು ಹೇಳಿದ್ದು ತಪ್ಪು ಕಣ್ರೀ ಯಜಮಾನ್ರೇ. ಇವತ್ತು ಮಂಗಳಾರತಿ ಆಗ್ಬೇಕಾದ್ದು ನಂಗೆ. ಮಾಡಿ."

ಹೊಸ್ತಿಲಾಚೆ ನಿಂತು ನೋಡುತ್ತಿದ್ದ ವೃಷಭೇಂದ್ರಪ್ಪ ಮೆಟ್ಟಿದ್ದ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬಂದು ಕೂತರು.

"ಹಂಗಾದ್ರೆ ಹೊಸದು ಯಾವಾಗ ತಗೋಬೇಕು, ಹೇಳಿ ರಾಜಣ್ಣ."

"ಇಷ್ಟಾದ್ಮೇಲೂ ನನ್ನೇ ಕೇಳ್ತೀರಾ?"

"ಇನ್ಯಾರ್ನ ಕೇಳ್ಲಿ? ಮೂವತ್ತು ವರ್ಷದಿಂದ ಅಕ್ಕಿ ವ್ಯಾಪಾರ ಮಾಡ್ತಿದೀನಿ. ತಾನು ಕಳ್ಸಿದ ಮೂಟೇಲಿ ಹುಳ ಇತ್ತು ಅಂತ ತಾನಾಗೇ ಬಂದು ಹೇಳಿದ ಒಬ್ಬ ಮಿಲ್‌ನೋನ್ನೂ ನಾನು ನೋಡಿಲ್ಲ."

ರಾಜಣ್ಣ ಟಿ.ವಿ.ಯ ನೆತ್ತಿಯನ್ನು ಅಂಗೈಯಿಂದ ಒರೆಸಿದರು. "ಇನ್ನು ನಾಲ್ಕು ವರ್ಷ ನಡೀತದೆ. ಅಷ್ಟರಲ್ಲಿ ಆ ತೆಳ್ಳನೇದೂ ಬಂದಿರ್ತದೆ. ತಗೊಳ್ಳೋ ಹೊತ್ತಿಗೆ ನಾನೇ ಬಂದು ಹೇಳ್ತೀನಿ."

"ನಾಲ್ಕು ವರ್ಷದ ಮೇಲೆ ಒಂದು ದಿನ ಆದ್ರೂ ನಿಮ್ಗೂ ಆರತಿ, ಇವ್ರಿಗೂ ಆರತಿ" ಎಂದು ಪ್ರೇಮಲೀಲಾ ಸೆರಗು ಕೊಡವಿ ಕಾಫಿ ಮಾಡಲು ಹೋದರು. ಬೇಸರ ಪೂರ್ತಿ ಇಳಿದಿರಲಿಲ್ಲ. ಲೋಟ ಇಟ್ಟ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಈ ಸಂಗತಿ ಬೀದಿಗೆಲ್ಲ ತಿಳಿಯಿತು. ತಿಳಿಸಿದವರು ರಾಜಣ್ಣನವರೇ. ಆಮೇಲೆ ಯಾವ ಮನೆಗೆ ಹೋದರೂ, "ಎತ್ತಿಟ್ಟಿರೋದನ್ನೆಲ್ಲಾ ತಂದು ಎಲ್ಲಿತ್ತೋ ಅಲ್ಲಿಡಿ, ಆಮೇಲೆ ನೋಡ್ತೀನಿ" ಎನ್ನುವುದು ಅವರ ಮೊದಲ ಮಾತಾಯಿತು. ಯಾಕೆ ಎಂದು ಕೇಳಿದವರಿಗೆ ಬಸವಣ್ಣನ ಕತೆಯನ್ನು ತಮ್ಮ ತಪ್ಪಿನ ಸಮೇತ ಹೇಳುತ್ತಿದ್ದರು. ಪೌಲಿನ್ ಹೆದರಿದಂತೆ ಏನೂ ಆಗಲಿಲ್ಲ. ಕರೆಯುವವರು ಕರೆಯುತ್ತಲೇ ಇದ್ದರು. ಹೂದಾನಿಯ ಮೇಲಿನ ಅವರ ಬೈಗುಳ ಮಾತ್ರ ಅರ್ಧಕ್ಕೆ ಇಳಿಯಿತು.

೨೦೦೭ರಲ್ಲಿ ನನಗೆ ಹಾಸನದಲ್ಲಿ ಬೇರೆ ಕೆಲಸ ಸಿಕ್ಕಿತು. ನಾನು ಸಾಮಾನು ಕಟ್ಟುತ್ತಿದ್ದ ವಾರವೇ, ದಸರೆಗೆ ಮೊದಲು, ಯಾರೂ ಕರೆಯದೆ ರಾಜಣ್ಣ ಬಂದರು. ಹಳೆಯ ಟಿ.ವಿ. ಆಗಲೂ ಸರಿಯಾಗಿಯೇ ಓಡುತ್ತಿತ್ತು. ಬಾಗಿಲಲ್ಲೇ ನಿಂತು, "ಅಮ್ಮಾ, ಇದರ ಟ್ಯೂಬ್ ಸಿಕ್ಕೋದು ನಿಂತೋಗದೆ. ಕೈಕೊಡೋಕ್ ಮುಂಚೆ ಈಗ ತಗೊಳ್ಳಿ" ಎಂದರು. ಪ್ರೇಮಲೀಲಾ ಗೋಡೆಯ ಕ್ಯಾಲೆಂಡರ್ ನೋಡಿ ನಕ್ಕರು. ನಾಲ್ಕು ವರ್ಷಕ್ಕೆ ಇನ್ನೂ ಹತ್ತು ದಿನ ಬಾಕಿ ಇತ್ತು.

ತೆಳ್ಳನೆಯ ಟಿ.ವಿ. ಬಂದು ಗೋಡೆಯೇರಿತು. ಪುಟ್ಟಲಿಂಗಮ್ಮನವರು ಬಸವಣ್ಣನನ್ನು ಅಂಗೈಯಲ್ಲಿ ಹಿಡಿದುಕೊಂಡು ಅದರ ಅಂಚನ್ನು ದಿಟ್ಟಿಸಿದರು. "ಇದ್ಕೆ ನೆತ್ತಿನೇ ಇಲ್ವಲ್ಲೋ ರಾಜಣ್ಣ. ಇವನ್ನ ಎಲ್ಲಿ ಕೂರಿಸ್ಲಿ?"

ರಾಜಣ್ಣ ಚೀಲದಿಂದ ಒಂದು ಸಣ್ಣ ಮರದ ಹಲಗೆ ತೆಗೆದರು. ಮನೆಯಲ್ಲೇ ಕೊಯ್ದು ಉಜ್ಜಿ ತಂದಿದ್ದರು. ಈ ಟಿ.ವಿ.ಗೆ ಅಯಸ್ಕಾಂತದ ಭಯವಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಅದರಿಂದ ಮೇಲಕ್ಕೆ ಒಂದು ಮೊಳ ಅಳೆದು ಬಿಟ್ಟು, ಅಲ್ಲಿ ಹಲಗೆಗೆ ಮೊಳೆ ಹೊಡೆದರು.