ಅತ್ತಿಗೆಯ ಬಾಗಿಲಿನ ಉಲ್ಟಾ ಫಲಕ

ನಮ್ಮ ಅತ್ತಿಗೆ ಹಿತ್ತಾಳೆಯ ನಾಮಫಲಕ ಮಾಡಿಕೊಡುತ್ತಾಳೆ. ಸುತ್ತಲ ನಾಲ್ಕು ಬೀದಿಗಳಲ್ಲಿ ಡಾಕ್ಟರು, ವಕೀಲರು, ಹೊಸ ಮನೆ ಕಟ್ಟಿದವರು, ಯಾರ ಬಾಗಿಲು ನೋಡಿದರೂ ಅವಳು ಮಾಡಿದ ಅಚ್ಚುಕಟ್ಟಾದ ಫಲಕವೇ. ಅವಳ ಸ್ವಂತ ಬಾಗಿಲಿನದು ಮಾತ್ರ ಉಲ್ಟಾ. ನೋಡಿದವರು ಮುಸಿಮುಸಿ ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಅತ್ತಿಗೆ ಮೂವತ್ತು ವರ್ಷ ಪಂಪಿನ ಕಾರ್ಖಾನೆಯಲ್ಲಿ ನಕ್ಷೆ ಬರೆದವಳು. "ಗೆರೆ ಎಳೆಯೋದು ನಾನು, ಕೊರೆಯೋದು ಇನ್ಯಾರೋ. ಒಂದು ದಿನ ನಾನೇ ಕೊರೀಬೇಕು" ಎನ್ನುತ್ತಿದ್ದಳು. ನಿವೃತ್ತಳಾದ ತಿಂಗಳಲ್ಲೇ ಹವ್ಯಾಸಿಗಳು ಬಳಸುವ ಪುಟ್ಟ ಸಿಎನ್‌ಸಿ ಯಂತ್ರವೊಂದನ್ನು ತರಿಸಿ, ಬಟ್ಟೆ ಒಗೆಯುವ ಯಂತ್ರವನ್ನು ಬಚ್ಚಲಿಗೆ ದೂಡಿ, ಬಾಲ್ಕನಿಯಲ್ಲಿ ಇದನ್ನು ಕೂರಿಸಿದಳು. ಹೊಲಿಗೆ ಯಂತ್ರಕ್ಕಿಂತ ದೊಡ್ಡದಲ್ಲ. ಕಂಪ್ಯೂಟರಿನಲ್ಲಿ ಬರೆದ ಅಕ್ಷರವನ್ನು ಸೂಜಿಯಂಥ ಮೊನೆಯೊಂದು ಗಿರ್ರನೆ ತಿರುಗುತ್ತಾ ಹಿತ್ತಾಳೆಯಲ್ಲಿ ಕೊರೆಯುತ್ತದೆ. ಕೊರೆದಲ್ಲಿ ಕಪ್ಪು ಬಣ್ಣ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ ಸಮ ಮಾಡಿದರೆ ಫಲಕ ಸಿದ್ಧ. ಆ ಹಿತ್ತಾಳೆಯ ಪುಡಿ ನನ್ನ ಕಾಫಿ ಲೋಟದಲ್ಲೂ ಸಿಕ್ಕಿದ ದಿನ ನಾನು ಜಗಳ ಆಡಿದ್ದೆ. ಅವಳು ಲೋಟ ಬದಲಿಸಿಕೊಟ್ಟಳು, ಅಷ್ಟೆ.

ಇನ್ನು ನಮ್ಮಣ್ಣ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವನು, ಅಂದರೆ ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುವ ಕೆಲಸ. ಕಣ್ಣಿನೊಳಗಿನ ಒತ್ತಡ ಹೆಚ್ಚಿ, ನೋಟ ಸ್ವಲ್ಪಸ್ವಲ್ಪವಾಗಿ ಪೂರ್ತಿ ಹೋಯಿತು. ಆದರೂ ದಿನಾ ಬೆಳಿಗ್ಗೆ ಮೂರನೇ ಮಹಡಿಯಿಂದ ಒಬ್ಬನೇ ಇಳಿದು ಬೀದಿ ತುದಿಯ ಕ್ಷೌರದಂಗಡಿಗೆ ಹೋಗಿ ಕೂರುತ್ತಿದ್ದ. ಕ್ಷೌರಿಕ ಗಟ್ಟಿಯಾಗಿ ಪೇಪರು ಓದುವುದು, ಅಣ್ಣ ತಪ್ಪು ಹಿಡಿಯುವುದು. ಅದೊಂದು ಗಂಟೆ ಸಿಕ್ಕರೆ ಉಳಿದ ಇಡೀ ದಿನ ಸರಿಯಾಗಿರುತ್ತಿದ್ದ.

ಒಂದು ದಿನ ವಾಪಸು ಬರುವಾಗ ಯಾರೋ ಮೆಟ್ಟಿಲ ಮೇಲೆ ಮಾತನಾಡಿಸಿದರು, ಎಣಿಕೆ ತಪ್ಪಿತು. ಎರಡನೇ ಮಹಡಿಯ ಬಾಗಿಲಿಗೆ ಬೀಗದ ಕೈ ತೂರಿಸಿ ತಿರುಗಿಸುತ್ತಾ ನಿಂತ. ನಮ್ಮ ಕಟ್ಟಡದಲ್ಲಿ ಎಲ್ಲ ಬಾಗಿಲೂ ಒಂದೇ ಥರ. ಒಳಗಿದ್ದ ಹೆಂಗಸು ಕಳ್ಳನೆಂದು ಕಿರುಚಿಕೊಂಡಳು, ಇಡೀ ಕಟ್ಟಡವೇ ಸೇರಿತು. ಯಾರೂ ಬಯ್ಯಲಿಲ್ಲ, "ಪಾಪ" ಎಂದರು. ಅಣ್ಣನಿಗೆ ನಾಟಿದ್ದು ಅದೇ. ನಾಲ್ಕು ತಿಂಗಳು ಹೊಸ್ತಿಲು ದಾಟಲಿಲ್ಲ. ಊಟ ಕಡಿಮೆಯಾಯಿತು, ಮಾತು ಇನ್ನೂ ಕಡಿಮೆಯಾಯಿತು. ಇವನು ಹೀಗೇ ಕೂತಲ್ಲೇ ಮುಗಿದುಹೋಗುತ್ತಾನೆ ಎಂದು ನನಗೆ ಹೆದರಿಕೆಯಾಗಿತ್ತು.

ಅತ್ತಿಗೆ ಬಾಗಿಲಿನ ಹಿಡಿಗೆ ಒಂದು ಬಟ್ಟೆ ತುಂಡು ಕಟ್ಟಿದಳು, ಕೈಗೆ ಸಿಕ್ಕರೆ ಗುರುತಾಗಲಿ ಎಂದು. ಅಣ್ಣ ಕಿತ್ತೆಸೆದ. "ಇಲ್ಲೊಬ್ಬ ಕುರುಡ ಇದಾನೆ ಅಂತ ಬಾವುಟ ಹಾರಿಸ್ತೀಯಾ?" ಎಂದ. ಸರಿ, ಎಲ್ಲರ ಬಾಗಿಲಲ್ಲೂ ಇರುವಂಥ ಫಲಕವನ್ನೇ ಬೀಗದ ಪಕ್ಕದಲ್ಲಿ ಹಾಕೋಣ ಎಂದಳು ಅತ್ತಿಗೆ. ಮೇಲೆ ಅಣ್ಣನ ಹೆಸರು, ಕೆಳಗೆ ತನ್ನದು, ಇದ್ದಬದ್ದ ಕೈಚಳಕವನ್ನೆಲ್ಲ ಸುರಿದು ಕೊರೆದು, ಬಣ್ಣ ತುಂಬಿ, ಉಜ್ಜಿ, ಅವನ ಕೈಗಿಟ್ಟಳು. ಅವನು ಹೆಬ್ಬೆರಳಾಡಿಸಿದ.

"ಚೆನ್ನಾಗಿ ನುಣ್ಣಗಿದೆ. ಇನ್ನೂ ಏನೂ ಬರೆದಿಲ್ವಾ?"

ಅತ್ತಿಗೆ ಹಣೆ ಚಚ್ಚಿಕೊಂಡಳು. ನೂರಾರು ಫಲಕ ಮಾಡಿದ ಕೈ, ಅಭ್ಯಾಸಬಲದಲ್ಲಿ ಬಣ್ಣ ತುಂಬಿ ಸಮ ಮಾಡಿಬಿಟ್ಟಿತ್ತು.

ಮಾರನೆಯ ದಿನ ಅಕ್ಷರಗಳನ್ನು ಬಿಟ್ಟು ಸುತ್ತಲಿನ ಹಿತ್ತಾಳೆಯನ್ನೆಲ್ಲ ಕೆರೆದು ತೆಗೆಯಲು ಕೂತಳು, ಅಕ್ಷರ ಎದ್ದು ನಿಲ್ಲಬೇಕಲ್ಲ. ಆ ಪುಟ್ಟ ಯಂತ್ರಕ್ಕೆ ಅಷ್ಟು ಶಕ್ತಿ ಎಲ್ಲಿಯದು? ಕೂದಲೆಳೆಯಷ್ಟು ಪದರ ಪದರವಾಗಿ ತೆಗೆಯಬೇಕು, ಆತುರಪಟ್ಟರೆ ಮೊನೆ ಮುರಿಯುತ್ತದೆ. ಎರಡು ಮುರಿದವು. ಇಪ್ಪತ್ತು ನಿಮಿಷದ ಕೆಲಸ ಸಂಜೆಯವರೆಗೆ ಎಳೆಯಿತು. ಅಣ್ಣ ಬೆರಳಿಟ್ಟ. ಮೊದಲ ಅಕ್ಷರದಲ್ಲೇ ತಡವರಿಸಿದ, ಹಿಂದೆ ಹೋದ, ಮತ್ತೆ ಮುಂದೆ ಬಂದ. ತನ್ನ ಹೆಸರೇ ಅವನಿಗೆ ಸಿಗಲಿಲ್ಲ.

"ಕಣ್ಣು ಹೋಗಿತ್ತು, ಈಗ ಬೆರಳೂ ಹೋಯ್ತು. ಬಿಟ್ಬಿಡು ನನ್ನ" ಎಂದು ಗೋಡೆ ಕಡೆ ತಿರುಗಿ ಮಲಗಿದ.

ನನ್ನ ಬಾಯಿ ಮೊದಲೇ ಒಳ್ಳೆಯದಲ್ಲ. "ಬೆರಳು ಎಲ್ಲಿಗೆ ಹೋಗುತ್ತೆ? ಕರೆಂಟ್ ಹೋದ್ರೂ ಕತ್ತಲಲ್ಲೇ ಮೊಳೆ ಜೋಡಿಸ್ತಿದ್ದೆ ಅಂತ ಜೀವಮಾನವೆಲ್ಲ ನಮ್ಮ ತಲೆ ತಿಂದಿದೀಯಲ್ಲ, ಅದೆಲ್ಲ ಬರೀ ಬೊಗಳೇನಾ?" ಎಂದು ರೇಗಿದೆ.

ಅಣ್ಣ ಗೋಡೆಗೇ ಉತ್ತರ ಕೊಟ್ಟ. "ಮೊಳೆ ಬೇರೆ, ಇದು ಬೇರೆ. ಮೊಳೆ ಉಲ್ಟಾ ಇರುತ್ತೆ."

ಕಾಗದದ ಮೇಲೆ ಸರಿಯಾಗಿ ಮೂಡಬೇಕಾದರೆ ಸೀಸದ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರಬೇಕು. ನಲವತ್ತು ವರ್ಷ ಅವನ ಬೆರಳಿಗೆ ಗೊತ್ತಿದ್ದದ್ದು ಆ ಅಕ್ಷರ. ನಾನು ಇನ್ನೂ ಬಯ್ಯುತ್ತಲೇ ಇದ್ದೆ, ಅತ್ತಿಗೆ ಆಗಲೇ ಎದ್ದು ಹೊಸ ಹಿತ್ತಾಳೆ ತುಂಡು ಹುಡುಕುತ್ತಿದ್ದಳು.

ಮರುದಿನ ಸಂಜೆ ತಿರುವಿ ಕೊರೆದ ಫಲಕ ಅವನ ಕೈಗೆ ಬಂತು. ಒಮ್ಮೆ ಸವರಿದವನು ಅದನ್ನು ತಲೆಕೆಳಗು ಮಾಡಿ ಹಿಡಿದ. "ಹೀಗೆ. ನಾವು ಎಡದಿಂದ ಬಲಕ್ಕೆ ಜೋಡಿಸೋದು ಹೀಗೇನೆ" ಎಂದ. ಹೆಬ್ಬೆರಳು ಎಲ್ಲೂ ನಿಲ್ಲದೆ ಓಡಿತು. ತಲೆಕೆಳಗಾದದ್ದರಿಂದ ಕೆಳಗಿದ್ದ ಹೆಸರು ಮೇಲಕ್ಕೆ ಬಂದಿತ್ತು.

"ನಿನ್ನ ಹೆಸರೇ ಮೇಲೆ ಬಂತಲ್ಲೇ."

"ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಬಂದಿದೆ, ಇರಲಿ ಬಿಡಿ" ಎಂದಳು ಅತ್ತಿಗೆ. ನಾಲ್ಕು ತಿಂಗಳಲ್ಲಿ ಅಣ್ಣ ನಕ್ಕಿದ್ದು ಅಂದೇ.

ರಾತ್ರಿಯೇ ಅತ್ತಿಗೆ ಫಲಕವನ್ನು ಹಾಗೇ ತಲೆಕೆಳಗಾಗಿ ಬೀಗದ ಪಕ್ಕ ಕೂರಿಸಿದಳು. ಮರುದಿನ ಬೆಳಿಗ್ಗೆ ಅವನು ಕ್ಷೌರದಂಗಡಿಗೆ ಹೋದ. ವಾಪಸು ಬರುವಾಗ ನಾನು ಕಳ್ಳಿಯಂತೆ ಹಿಂದೆ ಮೆಟ್ಟಿಲು ಹತ್ತಿದೆ. ಎರಡನೇ ಮಹಡಿಯಲ್ಲಿ ನಿಂತು ಬೀಗದ ಪಕ್ಕ ತಡವಿದ. ಬರೀ ಮರ. ಇನ್ನೊಂದು ಮಹಡಿ ಹತ್ತಿದ. ಹೆಬ್ಬೆರಳು ಫಲಕದ ಮೇಲೆ ಓಡಿತು, ಬೀಗದ ಕೈ ತಿರುಗಿತು. ಒಳಗೆ ಅತ್ತಿಗೆ ಉಸಿರು ಬಿಗಿಹಿಡಿದು ನಿಂತಿದ್ದಳು. "ಆ ಕ್ಷೌರಿಕ ಇನ್ನೂ ಓದೋದು ಕಲ್ತಿಲ್ಲ" ಎನ್ನುತ್ತಾ ಅಣ್ಣ ಚಪ್ಪಲಿ ಬಿಟ್ಟ. ನಾನು ಮೆಟ್ಟಿಲ ಮೇಲೆಯೇ ಕೂತು ಅತ್ತೆ.

ಮೊನ್ನೆ ಒಬ್ಬ ದಂತವೈದ್ಯ ಫಲಕ ಮಾಡಿಸಲು ಬಂದವನು ಬಾಗಿಲು ನೋಡಿ, "ನಿಮ್ಮದೇ ಉಲ್ಟಾ ಹೊಡೆದಿದೆಯಲ್ಲ" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ನನ್ನ ಕಾಲು ತುಳಿದಳು.

"ಹೌದು ಸಾರ್. ಕಲಿಯೋವಾಗ ಮಾಡಿದ್ದು, ಕೈ ತಪ್ಪಿತು."

ಅವನು ಆಮೇಲೆ ಬರುತ್ತೇನೆಂದು ಹೋದವನು ಬರಲೇ ಇಲ್ಲ. "ಇದ್ದದ್ದು ಇದ್ದ ಹಾಗೆ ಹೇಳೋಕೇನು ರೋಗ ನಿಂಗೆ?" ಎಂದು ನಾನು ಕೂಗಾಡಿದೆ. ಅತ್ತಿಗೆ ಒಳಗೆ ಕೂತಿದ್ದ ಅಣ್ಣನ ಕಡೆ ನೋಡಿ ದನಿ ತಗ್ಗಿಸಿದಳು.

"ಹೇಳಿದ್ರೆ ಅದೂ ಆ ಬಟ್ಟೆ ತುಂಡೇ ಆಗುತ್ತೆ ಕಣೇ."